ರೋಸ್ಟರ್ ವಹಿ ಓದುವವರು ಯಾರು?

ನಾವು ಬರೆದ ಪದ್ಯಗಳಲ್ಲಿ ಬಾವಿ ಬಂತು, ಗುಡಿ ಬಂತು, ಹೋಟೆಲಿನ ಹೊರಗಿಟ್ಟ ಚಾದ ಬಟ್ಟಲು ಬಂತು. ಬರಬೇಕಾದದ್ದೇ. ಆದರೆ ಕಚೇರಿಯ ಕಪಾಟಿನಲ್ಲಿ ಮಲಗಿರುವ ಒಂದು ಪುಸ್ತಕ ಬರಲಿಲ್ಲ. ಯಾವ ಹುದ್ದೆ ಯಾವ ವರ್ಗಕ್ಕೆ, ಅದರ ಮೇಲೆ ಈಗ ಕೂತವರು ಯಾರು ಎಂದು ಬಿಂದುವಾರು ಬರೆದಿಡುವ ರೋಸ್ಟರ್ ವಹಿ ಅದು. ಅದನ್ನೂ ಒಂದು ಕೃತಿಯೆಂದು ತಿಳಿದು ಓದೋಣ.

ವಿಜಯಪುರದ ಒಂದು ಕಚೇರಿಯಲ್ಲಿ ಆ ವಹಿ ತೋರಿಸ್ರಿ ಅಂದಾಗ ಗುಮಾಸ್ತರು ನಕ್ಕರು. 'ನಿಮಗ್ಯಾಕ್ರಿ ಅದು? ಅರ್ಜಿ ಹಾಕೋದು ಬಿಟ್ಟು ಪುಸ್ತಕ ಓದಾಕ ಬಂದೀರಲ್ಲ!' ನಮ್ಮ ಅಜ್ಜಂದಿರಿಗೆ ಅಕ್ಷರ ಮುಟ್ಟಬ್ಯಾಡ ಅಂದರು. ಅಕ್ಷರ ಕಲಿತ ನಮಗೆ ಈ ಪುಸ್ತಕ ಬ್ಯಾಡ ಅಂತಾರ.

1902ರ ಜುಲೈ 26ರಂದು ಕೊಲ್ಹಾಪುರದ ಶಾಹೂ ಮಹಾರಾಜರು ಹಿಂದುಳಿದವರಿಗೆ ನೂರಕ್ಕೆ 50 ನೌಕರಿ ಮೀಸಲಿಟ್ಟರು. ಭಾಷಣಗಳಲ್ಲಿ ಇಷ್ಟೇ ಹೇಳುತ್ತೇವೆ. ಅದೇ ಆಜ್ಞೆಯಲ್ಲಿ ಇನ್ನೊಂದು ಮಾತಿದೆ: ಮಾಡಿದ ನೇಮಕಗಳ ಪಟ್ಟಿಯನ್ನು ಇಲಾಖೆಯ ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ದರ್ಬಾರಿಗೆ ಒಪ್ಪಿಸಬೇಕು. ಕೊಟ್ಟೆ ಅಂದರೆ ಸಾಲದು, ಲೆಕ್ಕ ತೋರ್ಸು ಎಂದ ರಾಜ ಆತ. ನಮ್ಮ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. ಕೊಲ್ಹಾಪುರದ ಆಜ್ಞೆಯೂ ಇತ್ತ ಬರಲಿಲ್ಲ, 1918ರಲ್ಲಿ ಮೈಸೂರು ನೇಮಿಸಿದ ಮಿಲ್ಲರ್ ಸಮಿತಿಯ ಫಲವೂ ಇತ್ತ ಬರಲಿಲ್ಲ.

ಈಗ ಕಾನೂನಿಗೆ ಕೊರತೆಯಿಲ್ಲ. 1995ರಲ್ಲಿ ಸಭರವಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಖಾಲಿ ಸ್ಥಾನ ಎಣಿಸಬೇಡಿ, ಹುದ್ದೆ ಎಣಿಸಿ ಎಂದಿತು. 2022ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿಗೆ 15 ಇದ್ದದ್ದನ್ನು 17ಕ್ಕೆ, ಪಂಗಡಕ್ಕೆ 3 ಇದ್ದದ್ದನ್ನು 7ಕ್ಕೆ ಏರಿಸಿತು. ಆದರೆ 'ಸೂಕ್ತ ಅಭ್ಯರ್ಥಿ ದೊರೆಯಲಿಲ್ಲ' ಎಂಬ ಒಂದು ಸಾಲು ಈ ಎಲ್ಲವನ್ನೂ ನುಂಗಬಲ್ಲದು. ವ್ಯಾಕರಣ ಕಲಿಸುವ ಮಾಸ್ತರರು ಈ ವಾಕ್ಯ ನೋಡಬೇಕು. ಹುಡುಕಿದವರು ಯಾರು? ಎಲ್ಲಿ ಹುಡುಕಿದರು? ಸೂಕ್ತ ಅಂತ ತೂಗಿದ ತಕ್ಕಡಿ ಯಾರ ಕೈಯಾಗಿತ್ತು? ಒಂದಕ್ಕೂ ಉತ್ತರವಿಲ್ಲ. ಮಾಡಿದವನನ್ನು ಮುಚ್ಚಿಡುವ ಇಂಥ ಜಾಣ ಶೈಲಿ ನವ್ಯರಿಗೂ ಸಾಧಿಸಲಿಲ್ಲ!

ಒಟ್ಟು ಮೊತ್ತವನ್ನೂ ನಂಬಬೇಡಿ. ಕೇಂದ್ರದ ವರದಿಗಳಲ್ಲಿ ಎಷ್ಟೋ ವರ್ಷ 'ಡಿ' ಗುಂಪಿನ ಲೆಕ್ಕವನ್ನು 'ಸಫಾಯಿಯವರನ್ನು ಬಿಟ್ಟು' ಎಂದು ಕೊಟ್ಟು, ಕಸ ಗುಡಿಸುವವರನ್ನು ಬೇರೆ ಸಾಲಿನಲ್ಲಿ ಬರೆಯುತ್ತಿದ್ದರು. ಊರಿನ ಆಚೆ ಕೇರಿ ಇದ್ದಂಗ, ಕೋಷ್ಟಕದ ಕೆಳಗೆ ಇನ್ನೊಂದು ಸಾಲು. ಆದರೂ ಆ ಸಾಲು ಪ್ರಾಮಾಣಿಕ. ಅದನ್ನು ಮೇಲಿನದಕ್ಕೆ ಕೂಡಿಸಿ 'ನೋಡ್ರಿ, ನಿಮ್ಮವರೇ ಹೆಚ್ಚು' ಅನ್ನುವ ಸಾಹೇಬರು ಹೆಚ್ಚು ಅಪಾಯ. ಪೊರಕೆಯನ್ನೂ ಕುರ್ಚಿಯನ್ನೂ ಕೂಡಿಸಿ ಸರಾಸರಿ ತೆಗೆಯುವುದು ಯಾವ ಗಣಿತ?

ಇನ್ನು ಹೊರಗುತ್ತಿಗೆ. ಡ್ರೈವರ್, ಕಂಪ್ಯೂಟರ್ ಆಪರೇಟರ್, ಜವಾನ, ಇವರೆಲ್ಲ ಏಜೆನ್ಸಿಯ ಮನುಷ್ಯರಾದರೆ ರೋಸ್ಟರ್ ವಹಿಯಲ್ಲಿ ಅವರಿಗೆ ಬಿಂದುವೇ ಇಲ್ಲ. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಇದಕ್ಕೂ ಮೀಸಲಾತಿ ಎಂದು ಸುತ್ತೋಲೆ ಹೊರಡಿಸಿತು. ಸ್ವಾಗತಿಸಿದೆವು. ಆಮೇಲೆ ಕೆಳಗಿನ ಸಾಲು ಓದಿದೆವು: 20ಕ್ಕಿಂತ ಕಡಿಮೆ ಮಂದಿಯಾದರೆ, 45 ದಿನಕ್ಕಿಂತ ಕಡಿಮೆ ಕೆಲಸವಾದರೆ ಅನ್ವಯವಿಲ್ಲ. ತಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳು. ಅಲ್ಲಿನ ಒಂದು ಸಣ್ಣ ಕಚೇರಿಗೆ ಒಂದೇ ಸಲ 20 ಮಂದಿ ಎಂದು ಬೇಕಾದಾರು? ಐದೈದು ಮಂದಿಯ ಗುತ್ತಿಗೆ ಮಾಡಿದರೆ ತಡೆಯುವವರು ಯಾರು?

ನಮ್ಮ ಮನೆಯೊಳಗಿನ ಲೆಕ್ಕವೂ ಬೇಕು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿ ಒಪ್ಪಿದಾಗ ಕೇಳಿದ್ದು ಅಂಕಿಅಂಶ. ನಮ್ಮಲ್ಲಿ ಯಾವ ಜಾತಿ ಯಾವ ಕುರ್ಚಿಯಲ್ಲಿದೆ ಎಂದು ನಾವೇ ಎಣಿಸಲು ಹಿಂಜರಿದರೆ ಮೇಲಿನವರನ್ನು ಯಾವ ಬಾಯಿಂದ ಕೇಳೋದು?

ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ನಕಲು ಕೇಳುವುದಷ್ಟೇ ಅಲ್ಲ, ಕಡತವನ್ನು ಕಣ್ಣಾರೆ ನೋಡಿ ಟಿಪ್ಪಣಿ ಮಾಡಿಕೊಳ್ಳುವ ಹಕ್ಕನ್ನೂ ಅದು ಕೊಟ್ಟಿದೆ. ಅರ್ಜಿಗೆ 10 ರೂಪಾಯಿ. ಹಳ್ಳಿಯ ಮಾಸ್ತರರು, ಕಾಲೇಜಿನ ತಮ್ಮ ತಂಗಿಯರು ಜೋಡಿಯಾಗಿ ಹೋಗ್ರಿ. ಬಿಂದು, ನೇಮಕದ ದಿನಾಂಕ, ಷರಾ, ಈ ಮೂರನ್ನು ಬರಕೊಳ್ರಿ. ಷರಾ ಖಾಲಿ ಇದ್ದರೆ 'ಖಾಲಿ' ಎಂದೇ ಬರೆದು ಈ ಪತ್ರಿಕೆಗೆ ಕಳಿಸ್ರಿ. ಪದ್ಯದ ಪುಟದಲ್ಲಿ ಅಚ್ಚು ಹಾಕುತ್ತೇವೆ.