ಖಂಭಾತದ ಕೆಂಪು ಮಣಿ

ಗುಜರಾತಿನ ಖಂಭಾತದಲ್ಲಿ ಅಕೀಕ್ ಕಲ್ಲು ಕೆತ್ತುವವರ ಕೈಚಳಕ ಸುತ್ತಿಗೆಯಲ್ಲಿಲ್ಲ, ಕಲ್ಲನ್ನು ಹಿಡಿಯುವ ಓರೆಯಲ್ಲಿದೆ. ನೆಲಕ್ಕೆ ವಾಲಿಸಿ ನೆಟ್ಟ ಕಬ್ಬಿಣದ ಮೊನೆಗೆ ಅಂಚು ಆನಿಸಿ, ಎಮ್ಮೆಕೊಂಬಿನ ತಲೆಯುಳ್ಳ ಸುತ್ತಿಗೆಯಿಂದ ಈಚೆ ಬದಿಗೆ ತಟ್ಟುತ್ತಾರೆ. ಚಕ್ಕೆ ಏಳುವುದು ಆಚೆ, ಮೊನೆ ತಾಗಿದಲ್ಲಿ! ಉಕ್ಕಿನ ಚಾಕುವಿಗೂ ಗೀರು ಬೀಳದ ಕಲ್ಲದು: ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸ್ಫಟಿಕ ಶಿಲೆಯ ಎಳೆಗಳು ಒತ್ತಾಗಿ ಹೆಣೆದುಕೊಂಡಿವೆ.

ರತನ್‌ಪುರದ ಗಣಿಯಿಂದ ಬರುವಾಗ ಅದು ಮಂಕು ಹಳದಿ, ಕಂದು. ಬಿಸಿಲಿಗೆ ಒಣಗಿಸಿ, ಮಡಕೆಯಲ್ಲಿಟ್ಟು ನಿಧಾನವಾಗಿ ಕಾಯಿಸಿದರೆ ಒಳಗಿನ ಕಬ್ಬಿಣದ ಸಂಯುಕ್ತ ನೀರು ಕಳೆದುಕೊಂಡು ಕೆಂಪಾಗುತ್ತದೆ. ಅವಸರಪಟ್ಟರೆ ಕಲ್ಲು ಬಿರಿಯುತ್ತದೆ. ನನಗಂತೂ ಮಣಿಗೆ ತೂತು ಕೊರೆಯುವ ಬೈರಿಗೆಯೇ ಬೆರಗು: ತುದಿಯಲ್ಲಿ ವಜ್ರದ ಎರಡು ಕಿರುಚೂರು, ತಿರುಗಿಸಲು ಬಿಲ್ಲು, ಮೇಲೆ ತೊಟ್ಟಿಕ್ಕುವ ನೀರು. ಅರ್ಧ ಈ ಕಡೆಯಿಂದ, ಇನ್ನರ್ಧ ಆ ಕಡೆಯಿಂದ ಕೊರೆದರೂ ರಂಧ್ರಗಳು ನಡುವೆ ಕೂಡುತ್ತವೆ. ಲೋಥಲ್‌ನ ಹರಪ್ಪ ಕಾಲದ ಮಣಿಗಾರರು ಇದೇ ಬಗೆಯ ಕಲ್ಲನ್ನು ವಜ್ರವಿಲ್ಲದೆಯೇ ಕೊರೆದಿದ್ದರು.