ಮಯೂರಶರ್ಮನ ದರ್ಭೆ ಮತ್ತು ಖಡ್ಗ

ಶಿಲಾಶಾಸನಗಳನ್ನೋದಿ ಪೂರ್ವದ ಅರಸರನ್ನು ಅರಿತವರು ಯಾವ ಕಾಲದಲ್ಲಿಯೂ ವಿರಳರು. ಜನಸಾಮಾನ್ಯರಿಗೆ ಇತಿಹಾಸದ ಗುರುಗಳೆಂದರೆ ಭಾಗವತರು, ನಾಟಕಮಂಡಲಿಗಳು, ಈಚೆಗೆ ಚಲನಚಿತ್ರಗಳು. ಹಾಡಿನೊಡನೆ ಕಿವಿಯನ್ನು ಹೊಕ್ಕ ಕಥೆಯು ಮನಸ್ಸಿನಿಂದ ಸುಲಭವಾಗಿ ಅಳಿಯದು. ಆದುದರಿಂದಲೇ ಅದನ್ನು ವಿಮರ್ಶಿಸುವುದು ಅವಶ್ಯವಾಗಿದೆ.

ಕದಂಬರಾಜ್ಯದ ಸ್ಥಾಪಕನಾದ ಮಯೂರಶರ್ಮನ ಹೆಸರನ್ನೆತ್ತಿದೊಡನೆ ಕನ್ನಡಿಗರ ಕಣ್ಣೆದುರು ನಿಲ್ಲುವುದು 1975ರ ‘ಮಯೂರ’ ಚಿತ್ರದ ಡಾ. ರಾಜಕುಮಾರರ ಆಕೃತಿ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನಾಧರಿಸಿದ ಈ ಚಿತ್ರಕ್ಕೆ ಜಿ. ಕೆ. ವೆಂಕಟೇಶರ ಸಂಗೀತವಿದೆ. ಅಭಿನಯದ ಗಾಂಭೀರ್ಯಕ್ಕೂ ಗೀತಗಳ ಮಾಧುರ್ಯಕ್ಕೂ ಕುಂದೆಣಿಸುವಂತಿಲ್ಲ. ವಿಚಾರಣೀಯವಾದುದು ಕಥೆಯ ಒಂದು ತಿರುವು ಮಾತ್ರ: ವಿಪ್ರಕುಮಾರನಾಗಿ ಬೆಳೆದ ನಾಯಕನಿಗೆ ತಾನು ಕದಂಬ ರಾಜಪುತ್ರನೆಂಬುದು ಗೊತ್ತಾಗುತ್ತದೆ, ಮುಂದಿನ ಹೋರಾಟವು ಪಿತ್ರಾರ್ಜಿತವನ್ನು ಮರಳಿ ಪಡೆಯುವ ಹೋರಾಟವಾಗುತ್ತದೆ.

ತಾಳಗುಂದದ ಸ್ತಂಭಶಾಸನವು ಹೇಳುವುದೇ ಬೇರೆ. ಕುಬ್ಜನೆಂಬ ಕವಿಯು ಸಂಸ್ಕೃತ ಶ್ಲೋಕಗಳಲ್ಲಿ ರಚಿಸಿದ ಆ ಶಾಸನದ ಪ್ರಕಾರ ಮಯೂರಶರ್ಮನು ಮಾನವ್ಯಗೋತ್ರದ ಬ್ರಾಹ್ಮಣ. ವೀರಶರ್ಮನೊಡನೆ ಕಂಚಿಯ ಘಟಿಕೆಗೆ ವೇದಾಧ್ಯಯನಕ್ಕಾಗಿ ಹೋದವನು ಪಲ್ಲವರ ಕುದುರೆಯಾಳಿನೊಡನೆ ಕಲಹವುಂಟಾಗಿ ಕೆರಳಿದನು. ದರ್ಭೆ, ಸಮಿತ್ತು, ಸ್ರುಕ್ಕುಗಳಲ್ಲಿ ಪಳಗಿದ ಕೈ ಖಡ್ಗವನ್ನು ಹಿಡಿಯಿತು. ಶ್ರೀಪರ್ವತದ ಅರಣ್ಯವನ್ನು ಸೇರಿ ಬೃಹದ್ಬಾಣರಿಂದ ಕಪ್ಪವನ್ನು ತೆಗೆದುಕೊಂಡನು. ಕಡೆಗೆ ಪಲ್ಲವರೊಡನೆ ಸಂಧಿಯಾಯಿತು. ಅವರ ಸೇವೆಗೆ ನಿಂತು, ಅವರಿಂದಲೇ ಪಟ್ಟವನ್ನೂ ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ನೆಲವನ್ನೂ ಪಡೆದನು.

ಇಲ್ಲಿಯ ಭೇದವು ಅಲ್ಪವಲ್ಲ. ಶಾಸನದ ಮಯೂರನು ರಾಜ್ಯವನ್ನು ಗಳಿಸಿದವನು. ಚಿತ್ರದ ಮಯೂರನು ಅದಕ್ಕೆ ಹುಟ್ಟಿನಿಂದಲೇ ಅಧಿಕಾರಿ. ಅಪಮಾನಿತನಾದ ವಿದ್ಯಾರ್ಥಿಯೊಬ್ಬನು ಅರಸನಾದನೆಂಬ ಆಶ್ಚರ್ಯವೇ ಹೀಗೆ ಕರಗಿಹೋಗುತ್ತದೆ. ಆಳುವ ಯೋಗ್ಯತೆ ರಕ್ತದಿಂದ ಬರುವುದೆಂಬ ಪಾಠವನ್ನು ಪ್ರೇಕ್ಷಕನು ಅರಿಯದೆಯೇ ಕಲಿತು ಮನೆಗೆ ಹೋಗುತ್ತಾನೆ.

ಕವಿಗೆ ಕಲ್ಪನಾಸ್ವಾತಂತ್ರ್ಯವಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ. ಕುಬ್ಜನಾದರೂ ಆಸ್ಥಾನಕವಿಯೇ; ಸುಮಾರು ನೂರು ವರ್ಷಗಳ ಅನಂತರ, ಶಾಂತಿವರ್ಮನ ಕಾಲದಲ್ಲಿ, ಆ ವಂಶದ ಕೀರ್ತಿಗಾಗಿಯೇ ಬರೆದವನು. ತುಳುನಾಡಿನ ಗ್ರಾಮಪದ್ಧತಿಯಂತೂ ಮಯೂರವರ್ಮನನ್ನು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು 32 ಗ್ರಾಮಗಳಲ್ಲಿ ನೆಲೆಗೊಳಿಸಿದ ದಾನಿಯನ್ನಾಗಿ ಮಾತ್ರ ಬಲ್ಲದು. ಪ್ರತಿಯೊಂದು ಕಾಲವೂ ಮೂಲಪುರುಷನನ್ನು ತನ್ನ ಅಗತ್ಯಕ್ಕೆ ತಕ್ಕಂತೆ ಸಿಂಗರಿಸುತ್ತದೆ. ಆದರೆ ಕುಬ್ಜನು ಸಂಧಿಯನ್ನೂ ಸೇವೆಯನ್ನೂ ಮುಚ್ಚಿಡಲಿಲ್ಲ. ಅದರಿಂದ ನಾಯಕನು ಕುಗ್ಗಲೂ ಇಲ್ಲ.

ಉಡುಪಿ, ಕಾಪು, ಕಾರ್ಕಳಗಳ ರಸಿಕರಿಗೆ ಇದಕ್ಕೆ ಪರಿಹಾರವು ಅಪರಿಚಿತವಲ್ಲ. ತಾಳಮದ್ದಳೆಯಲ್ಲಿ ಭಾಗವತರ ಪದ್ಯವು ಒಂದೇ ಆದರೂ ಅರ್ಥವು ರಾತ್ರಿ ರಾತ್ರಿಗೆ ಬೇರೆಯಾಗುವುದು. ಕೃಷ್ಣನು ನುಡಿದ ಮೇಲೆ ಕೌರವನಿಗೂ ವಾದಿಸಲು ಅವಕಾಶವಿರುವುದು. ಚಿತ್ರವು ಒಮ್ಮೆ ನುಡಿದುದನ್ನೇ ಎಂದೆಂದಿಗೂ ನುಡಿಯುತ್ತದೆ. ಅದಕ್ಕೆ ಪ್ರತಿವಾದಿಯಾಗಿ ನಿಲ್ಲತಕ್ಕದ್ದು ತಾಳಗುಂದದ ಆ ಕಲ್ಲು. ಮಕ್ಕಳು ಹಾಡನ್ನು ಹಾಡಲಿ. ಹಾಡು ಮುಗಿದ ಮೇಲೆ ಹಿರಿಯರು ಶಾಸನದ ಅರ್ಥವನ್ನೂ ಹೇಳಲಿ.