ಪೆನ್ಸಿಲ್ ಇದೆಯಾ?

ಅಮೆರಿಕದ ಮಿಸಿಸಿಪ್ಪಿಯಲ್ಲಿರೋ ಸ್ಕೂಬಾ ಸಾವಿರ ಜನವೂ ಇಲ್ಲದ ಊರು. ಅಲ್ಲಿನ ಈಸ್ಟ್ ಮಿಸಿಸಿಪ್ಪಿ ಕಮ್ಯುನಿಟಿ ಕಾಲೇಜಿನ ಫುಟ್‌ಬಾಲ್ ತಂಡದ ಮೇಲೆ ನೆಟ್‌ಫ್ಲಿಕ್ಸ್ 2016ರಲ್ಲಿ ತಂದ ಸಾಕ್ಷ್ಯಚಿತ್ರ ಸರಣಿ ‘ಲಾಸ್ಟ್ ಚಾನ್ಸ್ ಯು’. (ಚೆಂಡನ್ನ ಕೈಲಿ ಹಿಡಿದು ಓಡೋ ಫುಟ್‌ಬಾಲ್ ಇದು, ನಮ್ಮದಲ್ಲ.) ದೊಡ್ಡ ಯೂನಿವರ್ಸಿಟಿಯಿಂದ ಹೊರಬಿದ್ದವರು, ಮಾರ್ಕ್ಸ್ ಸಾಲದವರು ಇಲ್ಲಿ ಆಡಿ, ಪಾಸಾಗಿ, ಮತ್ತೆ ಮೇಲೆ ಹೋಗಬೇಕು.

ಕೋಚ್ ಬಡ್ಡಿ ಸ್ಟೀಫನ್ಸ್ ಕೂಗಾಟ ಅತಿಯಾಯ್ತು. ಕ್ಯಾಮೆರಾಕ್ಕೂ ಅದೇ ಇಷ್ಟ. ನನ್ನ ಮನಸ್ಸಲ್ಲಿ ಉಳಿದವರು ಸಲಹೆಗಾರ್ತಿ ಬ್ರಿಟನಿ ವ್ಯಾಗ್ನರ್. ಕ್ಲಾಸಿಗೆ ಹೋದೆಯಾ, ಪೆನ್ಸಿಲ್ ಇದೆಯಾ ಅಂತ ಆಳೆತ್ತರದ ಹುಡುಗರ ಬೆನ್ನು ಹತ್ತೋರು. ಹಳ್ಳಿಯಿಂದ ಬಂದು ಮೊದಲ ಸೆಮಿಸ್ಟರಲ್ಲೇ ಡುಮ್ಕಿ ಹೊಡೆದ ನನಗೆ ಅಂಥವರು ಸಿಕ್ಕಿರಲಿಲ್ಲ.

ಆದರೆ ಇವತ್ತು ಮತ್ತೆ ನೋಡಿದರೆ ಕಥೆಯ ಬುಡವೇ ಅಲ್ಲಾಡುತ್ತೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು. ದೊಡ್ಡ ಕೋಚ್‌ಗಳಿಗೆ ಬೇರೆ ಯೂನಿವರ್ಸಿಟಿಯಲ್ಲಿ ಪಳಗಿದವರೇ ಸಾಕು, ನಮ್ಮ ಕಂಪನಿಗಳು ಫ್ರೆಶರ್‌ಗಳನ್ನ ಬಿಟ್ಟು ಅನುಭವ ಇರೋರನ್ನ ಹುಡುಕೋ ಹಾಗೆ. ಜೂನಿಯರ್ ಕಾಲೇಜಲ್ಲಿ ಆಡಿದ ವರ್ಷ ಲೆಕ್ಕಕ್ಕೆ ಹಿಡೀಬೇಡಿ ಅಂತ 2024ರ ಡಿಸೆಂಬರಲ್ಲಿ ಡಿಯಾಗೋ ಪಾವಿಯಾ ಕೋರ್ಟಿಂದ ಮಧ್ಯಂತರ ಆದೇಶ ತಂದ. ಒಳ್ಳೇದೇ. ಅವನು ಆಗಲೇ ವ್ಯಾಂಡರ್‌ಬಿಲ್ಟ್ ತಂಡದಲ್ಲಿದ್ದ. ಸ್ಕೂಬಾದಲ್ಲಿ ಕೂತಿರೋ ಹುಡುಗನಿಗೆ ಮೊದಲು ಒಂದು ಫೋನ್ ಬರಬೇಕು.